ಉಯಿಲಿನ ಮೇಲೆ ತುಕ್ಕಿನ ಗುರುತು

ಇದು ನಡೆದದ್ದು. ನಡೆದಿಲ್ಲ ಅಂದರೆ ಶನಿವಾರದ ರೇಸಿನಲ್ಲಿ ನನ್ನ ಪಾರಿವಾಳಗಳೆಲ್ಲ ಬಾತುಕೋಳಿಯ ಹಾಗೆ ನಡೆದುಕೊಂಡೇ ಮನೆಗೆ ಬರಲಿ. ನಾನು ಪಬ್ಬಿನಲ್ಲಿ ಹೇಳುವುದರಲ್ಲಿ ಅರ್ಧ ಗಾಳಿ, ಇನ್ನರ್ಧ ಬಿಯರಿನ ನೊರೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆದರೆ ಈ ಒಂದು ಸಂಗತಿಗೆ ನಾನು ಬೈಬಲ್ ಹಿಡಿದು ಆಣೆ ಇಟ್ಟಿದ್ದೇನೆ. ಪುಕ್ಕಟೆ ಆಣೆಯಲ್ಲ, ಏಳು ಪೌಂಡು ಕೈಯಿಂದ ಕೊಟ್ಟು ಇಟ್ಟ ಆಣೆ.

ತೊಂಬತ್ತನಾಲ್ಕರ ಮಾರ್ಚಿನಲ್ಲಿ ನಮ್ಮ ಆಮೋಸ್ ಮಾವ ತೀರಿಕೊಂಡ. ಅಮ್ಮನ ಅಣ್ಣ. ಮದುವೆಯಾಗಲಿಲ್ಲ. ನಲವತ್ತು ವರ್ಷ ಹತ್ತಿಯ ಗಿರಣಿಯಲ್ಲಿ ದುಡಿದ, ಗಿರಣಿ ಮುಚ್ಚಿದ ಮೇಲೆ ಪಾರಿವಾಳದ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅವನ ಉಯಿಲಿನಲ್ಲಿ ಇದ್ದದ್ದು ಎರಡೇ ಮಾತು. ಮನೆ, ಸಾಮಾನು, ಗೂಡು, ಹಕ್ಕಿ ಎಲ್ಲಾ ನನ್ನ ಅಕ್ಕ ಎಡ್ನಾಗೆ. ಅದನ್ನು ನೆರವೇರಿಸಿ ಕೊಡುವ ಕೆಲಸ ಕ್ಲೆಮ್‌ಗೆ. ಕ್ಲೆಮ್ ಅಂದರೆ ನಾನು. ಹಣ್ಣು ಅವಳಿಗೆ, ಸಿಪ್ಪೆ ಬಳಿಯುವುದು ನನಗೆ.

ನ್ಯಾಯ ಹೇಳಬೇಕೆಂದರೆ ಅಕ್ಕನಿಗೆ ಬಂದದ್ದು ಸರಿಯಾಗಿಯೇ ಇತ್ತು. ಹನ್ನೆರಡು ವರ್ಷ ದಿನಾ ಮಾವನಿಗೆ ಊಟ ಹೊತ್ತವಳು ಅವಳು. ಹೊತ್ತು ಹೊತ್ತು ಸೊಂಟದ ಕೀಲು ಸವೆದುಹೋಗಿತ್ತು. ಅವಳ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆ ಮೇಲೆ, ನಡುವೆ ಹದಿಮೂರು ಮೆಟ್ಟಿಲು. ಪ್ರತಿ ಸಂಜೆ ಅವಳು ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತು, ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜರುಗಿಕೊಂಡು ಹತ್ತುತ್ತಿದ್ದಳು. ಏಳನೆಯ ಮೆಟ್ಟಿಲಿನಲ್ಲಿ ಚಹಾದ ಫ್ಲಾಸ್ಕ್ ಇಟ್ಟುಕೊಂಡಿದ್ದಳು, ದಾರಿಯಲ್ಲಿ ಛತ್ರ ಇದ್ದ ಹಾಗೆ.

ಕೆಳಗಿನ ಬೀದಿಯಲ್ಲಿ ಮಹಡಿಯೇ ಇಲ್ಲದ ಒಂದು ಪುಟ್ಟ ಮನೆ ಮಾರಾಟಕ್ಕೆ ಬಂತು. ಮನೆಯ ಮುದುಕಿ ಬ್ಲ್ಯಾಕ್‌ಪೂಲಿನಲ್ಲಿ ಮಗಳ ಹತ್ತಿರ ಹೋಗುವವಳು. "ಜೂನ್ ಮುಗಿಯೋ ತನಕ ಕಾಯ್ತೀನಿ ಎಡ್ನಾ, ಆಮೇಲೆ ಯಾರು ದುಡ್ಡು ತಂದ್ರೆ ಅವರಿಗೆ" ಎಂದಳು. ಮಾವನ ಮನೆಗೂ ಮೂವತ್ತನಾಲ್ಕು ಸಾವಿರಕ್ಕೆ ಗಿರಾಕಿ ಸಿಕ್ಕಿದ. ಅದನ್ನು ಮಾರಿ ಇದನ್ನು ಕೊಳ್ಳುವುದು, ಅಷ್ಟೇ. ಆದರೆ ಪ್ರೊಬೇಟ್ ಎಂಬ ಕಾಗದ ಕೈಗೆ ಬರುವ ತನಕ ಸತ್ತವನ ಬಾಗಿಲಿನ ಚಿಲಕವನ್ನೂ ಮಾರುವ ಹಾಗಿಲ್ಲ. ಉಯಿಲು ಸಾಚಾ, ಇನ್ನು ಮುಟ್ಟಬಹುದು ಎಂದು ಸರ್ಕಾರ ಒತ್ತುವ ಮುದ್ರೆ ಅದು.

"ನೀನೇ ಅರ್ಜಿ ತುಂಬಿಬಿಡೋ" ಎಂದಳು ಅಕ್ಕ. "ಪಕ್ಕದ್ಮನೆ ಐವಿ ಅವಳ ಗಂಡಂದು ತಾನೇ ತುಂಬಿದ್ಲಂತೆ. ವಕೀಲರ ದುಡ್ಡು ಉಳೀತು."

"ಐವಿ ಶಾಲೆಗೆ ಓದಕ್ಕೆ ಹೋಗಿದ್ಲು ಕಣೆ. ನಾನು ಕಿಟಕಿ ಒಡೆಯಕ್ಕೆ ಹೋಗಿದ್ದೆ."

"ಹಂಗಾದ್ರೆ ವಕೀಲರ ಹತ್ರಾನೇ ಹೋಗು. ಹೋದಲ್ಲಿ ಬಾಯಿ ಮುಚ್ಕೊಂಡಿರು."

ಮಾವನ ಬಿಸ್ಕತ್ ಡಬ್ಬಿ ತೆಗೆದೆ. ಉಯಿಲು ಅದರಲ್ಲೇ ಇತ್ತು. ಅದರ ಮೂಲೆಗೆ ತುಕ್ಕು ಹಿಡಿದ ಒಂದು ಕ್ಲಿಪ್ಪು, ಕ್ಲಿಪ್ಪಿನಲ್ಲಿ ಕಾಳಿನಂಗಡಿಯ ಒಂದು ರಸೀದಿ. ರಸೀದಿಯ ಬೆನ್ನ ಮೇಲೆ ಮಾವನ ಕೈಬರಹ. ನಾನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ:

'ನೀಲಿ ಹೆಣ್ಣು ಹಕ್ಕಿ ಕ್ಲಬ್ಬಿನ ಕಾರ್ಯದರ್ಶಿಗೆ. ಕ್ಲೆಮ್‌ಗೆ ಬೇಡ. ಅವನು ಸುಳ್ಳು ಸೇರಿಸಿ ಸೇರಿಸಿ, ಅದು ನಿಜವಾಗಿ ಗೆದ್ದದ್ದನ್ನೂ ಯಾರೂ ನಂಬದ ಹಾಗೆ ಮಾಡುತ್ತಾನೆ.'

ನೀಲಿ ಹೆಣ್ಣೆಂದರೆ ಯಾವುದೆಂದುಕೊಂಡಿರಿ? ಫ್ರಾನ್ಸಿನಿಂದ ಬಿಟ್ಟರೆ ಅದು ಮನೆಗೆ ಬಂದು, ಕಾಳು ತಿಂದು, ನೀರು ಕುಡಿದು, ಒಂದು ಕಣ್ಣು ಮುಚ್ಚಿ ನಿದ್ದೆ ಹೋದ ಮೇಲೆ ಅದರ ನೆರಳು ಅಂಗಳಕ್ಕೆ ಬಂದು ಇಳಿಯುತ್ತಿತ್ತು. ಅಂಥ ಹಕ್ಕಿ. ಅಕ್ಕ ಆಗಲೇ "ನಂಗ್ಯಾಕೋ ಹಕ್ಕಿ, ಎಲ್ಲಾ ನೀನೇ ತಗೊಂಡೋಗು" ಎಂದಿದ್ದಳು. ನಾನು ತಂದು ನನ್ನ ಗೂಡಿನಲ್ಲಿ ಇಟ್ಟೂ ಆಗಿತ್ತು. ಈಗ ಸತ್ತವನು ಡಬ್ಬಿಯೊಳಗಿನಿಂದ ಬಯ್ಯುತ್ತಿದ್ದಾನೆ.

ಕ್ಲಿಪ್ಪು ಕಿತ್ತೆ. ಚೀಟಿಯನ್ನು ಒಲೆಗೆ ಹಾಕಲು ಹೋದೆ, ಮಾವನ ಅಕ್ಷರ ನೋಡಿ ಕೈ ಬರಲಿಲ್ಲ. ಮನೆಗೆ ತಂದು ನೀಲಿ ಹೆಣ್ಣಿನ ಗೂಡುಬಟ್ಟಲಿನ ಅಡಿಗೆ ಹಾಸಿದೆ. ಅದು ಅದರ ಮೇಲೆ ಕೂತಿತು. ಇನ್ನು ಯಾರಿಗೆ ಗೊತ್ತಾಗಬೇಕು!

ನಮ್ಮೂರಿನಲ್ಲಿ ವಕೀಲರ ಕಚೇರಿ ಎರಡೇ. ಮಾರ್ಕೆಟ್ ಬೀದಿಯ ಆ ಕಡೆ ಒಂದು, ಈ ಕಡೆ ಒಂದು. ನಾನು ಈ ಕಡೆಯ ಮಿಸ್ ಪಿಲ್ಲಿಂಗ್ ಹತ್ತಿರ ಹೋದೆ. ಮ್ಯಾಂಚೆಸ್ಟರಿನಿಂದ ಹೊಸದಾಗಿ ಬಂದವಳು, ನನ್ನ ಕಥೆ ಒಂದೂ ಕೇಳಿರಲಿಲ್ಲ.

"ಮೂರು ದಾರಿ ಇದೆ ಮಿಸ್ಟರ್ ಶಾರ್ಪಲ್ಸ್" ಎಂದಳು. "ಆಸ್ತಿಯಲ್ಲಿ ನೂರಕ್ಕೆ ಎರಡು ಕೊಡಬಹುದು. ಇಲ್ಲ, ಗಂಟೆ ಲೆಕ್ಕ, ಗಂಟೆಗೆ ಎಪ್ಪತ್ತು ಪೌಂಡು. ಇಲ್ಲ, ಒಟ್ಟು ಗುತ್ತಿಗೆ, ನಾನೂರ ಐವತ್ತು. ತೆರಿಗೆ, ರಿಜಿಸ್ಟ್ರಿ ಫೀಸು ಬೇರೆ."

"ಗುತ್ತಿಗೇಲಿ ಎಲ್ಲಾ ಬರತ್ತಾ?"

"ಕಾಗದ ಎಲ್ಲಾ ಸರಿ ಇದ್ರೆ ಬರತ್ತೆ. ಏನಾದ್ರೂ ಎಡವಟ್ಟಿದ್ರೆ ಅದರ ಕೆಲಸಕ್ಕೆ ಗಂಟೆ ಲೆಕ್ಕ. ಆರು ನಿಮಿಷಕ್ಕೊಂದು ಗೀಟು ಹಾಕ್ತೀನಿ."

"ಏಳು ನಿಮಿಷ ಮಾತಾಡಿದ್ರೆ?"

"ಎರಡು ಗೀಟು."

"ಅಯ್ಯಯ್ಯೋ! ನಮ್ಮ ಪಾದ್ರಿ ನಿಮ್ಮ ಹತ್ರ ಬಂದ್ರೆ ಚರ್ಚೇ ಮಾರಬೇಕಾಗತ್ತೆ."

ಅವಳು ನಗಲಿಲ್ಲ. ಗುತ್ತಿಗೆಗೆ ಒಪ್ಪಿದೆ. ಉಯಿಲು ಕೊಟ್ಟೆ. ಅವಳು ಅದನ್ನು ಓದುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಯ ತುಕ್ಕಿನ ಗುರುತನ್ನು ನೋಡಿದವಳೇ ಉಯಿಲನ್ನು ಮೇಜಿನ ಮೇಲೆ ಇಟ್ಟು ಕೈ ಹಿಂದೆ ತೆಗೆದುಕೊಂಡಳು, ಕಚ್ಚುವ ನಾಯಿಯನ್ನು ಕಂಡವಳ ಹಾಗೆ.

"ಇಲ್ಲಿ ಏನೋ ಸಿಕ್ಕಿಸಿತ್ತು."

"ಕ್ಲಿಪ್ಪು. ತೆಗೆದುಬಿಟ್ಟೆ. ಕಾಗದ ಚೊಕ್ಕಟವಾಗಿರಲಿ ಅಂತ."

"ಉಯಿಲಿಂದ ಒಂದು ಗುಂಡುಸೂಜೀನೂ ಕೀಳಬಾರದು ಮಿಸ್ಟರ್ ಶಾರ್ಪಲ್ಸ್! ಗುರುತು ಕಂಡ್ರೆ ಪ್ರೊಬೇಟ್ ಕೊಡೋ ರಿಜಿಸ್ಟ್ರಿಯವರು ಸುಮ್ಮನಿರಲ್ಲ. ಜೊತೆಗೆ ಇನ್ನೊಂದು ಕಾಗದ ಇತ್ತಾ, ಅದರಲ್ಲಿ ಬೇರೆಯವರಿಗೆ ಏನಾದ್ರೂ ಬರೆದಿತ್ತಾ, ಯಾರು ತೆಗೆದ್ರು, ಯಾಕೆ ತೆಗೆದ್ರು ಅಂತ ಕೇಳ್ತಾರೆ. ನೀವು ಅಫಿಡವಿಟ್ ಕೊಡಬೇಕು. ಇದು ಗುತ್ತಿಗೇಲಿ ಬರಲ್ಲ." ಗಡಿಯಾರ ನೋಡಿದಳು. "ಏನಿತ್ತು ಕ್ಲಿಪ್ಪಲ್ಲಿ?"

ಸಿಕ್ಕಿಬಿದ್ದೆ ಎನ್ನಿಸಿದರೆ ನನ್ನ ಬಾಯಿಂದ ರೈಲು ಹೊರಡುತ್ತದೆ. ಮೊದಲು ಗಿರಣಿಯ ಕಾಲದ ಇಲಿಗಳ ಕಥೆ ಹೇಳಿದೆ. ಕಬ್ಬಿಣ ತಿಂದು ಬೆಳೆದವು, ಅವು ಮೂತಿ ಒರೆಸಿದಲ್ಲೆಲ್ಲ ತುಕ್ಕು. ಆಮೇಲೆ ಐವತ್ತೇಳರಲ್ಲಿ ಊರಿನ ವಾದ್ಯದ ತಂಡ ಮಳೆಯಲ್ಲಿ ನೆನೆದು, ತುತ್ತೂರಿಯೊಳಗೆ ಮೀನು ಸಿಕ್ಕಿದ್ದು. ಅದಕ್ಕೂ ಉಯಿಲಿಗೂ ಏನು ಸಂಬಂಧವೆಂದು ನನಗೂ ತಿಳಿಯಲಿಲ್ಲ, ಆದರೆ ನಿಲ್ಲಿಸಲು ಭಯ.

"ನಾಲ್ಕು ಗೀಟಾಯ್ತು" ಎಂದಳು ಮಿಸ್ ಪಿಲ್ಲಿಂಗ್. "ಇಪ್ಪತ್ತೆಂಟು ಪೌಂಡು. ಇಲಿ ಬಂತು, ಮೀನು ಬಂತು. ಕಾಗದ ಇನ್ನೂ ಬಂದಿಲ್ಲ."

"ಫುಟ್‌ಬಾಲ್ ಪಂದ್ಯದ ಚೀಟಿ" ಎಂದುಬಿಟ್ಟೆ. "ಮಾವ ವಾರವಾರ ಬಾಜಿ ಕಟ್ತಿದ್ನಲ್ಲ, ಆ ಚೀಟಿ. ಎಸೆದೆ."

ಅವಳು ಬರೆದುಕೊಂಡಳು. "ಅಫಿಡವಿಟ್ ಬರೆದಿಡ್ತೀನಿ. ಅದನ್ನ ನೀವು ಬೈಬಲ್ ಹಿಡ್ಕೊಂಡು ಆಣೆ ಮಾಡಿ ಹೇಳಬೇಕು. ಇಲ್ಲಿ ಆಗಲ್ಲ, ನಾವು ನಿಮ್ಮ ವಕೀಲರಲ್ವಾ. ಸಂಬಂಧ ಇಲ್ಲದ ಬೇರೆ ವಕೀಲರ ಮುಂದೆ ಆಗಬೇಕು. ಎದುರುಗಡೆ ಹೋಗಿ. ಆಣೆಗೆ ಐದು ಪೌಂಡು. ಜೊತೇಲಿ ಕಾಗದ ಲಗತ್ತಿಸಿದ್ರೆ ಒಂದಕ್ಕೆ ಎರಡು."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಾಲಿನ ಕಾಯಿಲೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೆಟಲ್ ಇಡುವುದು, ನೀರು ಕುದಿಯುವ ಮೊದಲೇ ಗೂಡಿಗೆ ಹೋಗುವುದು. ಗೂಡಿನಲ್ಲಿ ನೀಲಿ ಹೆಣ್ಣು ಒಂದು ಕಣ್ಣಿನಿಂದ ನೋಡುತ್ತಿತ್ತು. ಅದರ ಹೊಟ್ಟೆಯಡಿಯಲ್ಲಿ ಮಾವನ ಅಕ್ಷರ ಬೆಚ್ಚಗೆ ಕೂತಿದೆ. ಮತ್ತೆ ಒಳಗೆ ಬರುವುದು, ಕೆಟಲ್ ಆರಿರುವುದು. ನನ್ನ ಓಡಾಟಕ್ಕೆ ಹಿತ್ತಲಿನ ಹಾದಿ ಮೊಣಕಾಲುದ್ದ ಸವೆದು, ಅಂಚೆಯವನು ಏಣಿ ಇಟ್ಟು ಇಳಿದು ಬರಬೇಕಾಯಿತು.

ಪಬ್ಬಿನಲ್ಲಿ ಹೇಳುವುದು ಸುಳ್ಳಲ್ಲ, ನಿಮಗೂ ಗೊತ್ತು. ಕೇಳುವವನಿಗೂ ಅದು ರೈಲೆಂದು ಗೊತ್ತಿರುತ್ತದೆ, ಟಿಕೆಟ್ ತೆಗೆದುಕೊಂಡೇ ಹತ್ತಿರುತ್ತಾನೆ. ಆದರೆ ಬೈಬಲ್ ಹಿಡಿದು, ಸತ್ತ ಮಾವನ ಮಾತನ್ನು ಫುಟ್‌ಬಾಲ್ ಚೀಟಿ ಎನ್ನುವುದು? ಎನ್ನದಿದ್ದರೆ? ಚೀಟಿ ಹೊರಗೆ ಬಂದರೆ ಪ್ರೊಬೇಟ್ ನಿಲ್ಲುತ್ತದೋ ಏನೋ, ಅಕ್ಕನ ಮನೆ ಹೋಗುತ್ತದೋ ಏನೋ. ಹಕ್ಕಿಯಂತೂ ಹೋಗುತ್ತದೆ.

ಅಕ್ಕ ದಿನಾ ಕೇಳುವಳು. "ಬಂತೇನೋ ಕಾಗದ?"

"ಬರತ್ತೆ ಬರತ್ತೆ."

"ನಿನ್ನ ಕಾಲಿಗೆ ಯಾರಾದ್ರೂ ಚಕ್ರ ಕಟ್ಟಿದಾರೇನೋ? ಕೂತ್ಕೊಂಡು ಪೈ ತಿನ್ನು. ಮುದುಕಿ ಹೇಳಿ ಕಳಿಸಿದಾಳೆ, ರಾಚ್‌ಡೇಲಿಂದ ಯಾರೋ ಬಂದು ಮನೆ ನೋಡ್ಕೊಂಡು ಹೋದ್ರಂತೆ."

ಆ ಸಂಜೆ ಅವಳು ಮೆಟ್ಟಿಲು ಹತ್ತುವುದನ್ನು ಕೆಳಗೆ ನಿಂತು ನೋಡಿದೆ. ಏಳನೆಯ ಮೆಟ್ಟಿಲಿನಲ್ಲಿ ನಿಂತಳು. ಫ್ಲಾಸ್ಕಿನ ಮುಚ್ಚಳ ತೆಗೆಯಲೂ ಕೈಯಲ್ಲಿ ಶಕ್ತಿಯಿರಲಿಲ್ಲ. "ನೋಡ್ತಾ ನಿಂತ್ಕೋಬೇಡ್ವೋ, ನಾಚಿಕೆ ಆಗತ್ತೆ" ಎಂದಳು.

ಮೇ ತಿಂಗಳ ಕೊನೆಯ ಶುಕ್ರವಾರ ಮಿಸ್ ಪಿಲ್ಲಿಂಗ್ ಕರೆದಳು. ಸೋಮವಾರ ಸರ್ಕಾರಿ ರಜೆ. ಆ ಸಂಜೆ ಐದರ ಅಂಚೆಗೆ ಕಾಗದ ಹೋದರೆ ಜೂನಿನ ಮಧ್ಯಕ್ಕೆ ಪ್ರೊಬೇಟ್, ತಪ್ಪಿದರೆ ಅವಳು ಏನೂ ಹೇಳಲಾರಳು. ನನಗೆ ಓದು ನಿಧಾನವೆಂದು ಅವಳೇ ಅಫಿಡವಿಟ್ ಓದಿದಳು. ನನ್ನ ಹೆಸರು, ವಿಳಾಸ, ಡಬ್ಬಿ, ಕ್ಲಿಪ್ಪು. ಎಲ್ಲಾ ನೆಟ್ಟಗೆ ಬಂತು. "ಸದರಿ ಕ್ಲಿಪ್ಪಿನಲ್ಲಿ ಮೃತರ ಇಚ್ಛೆ ತಿಳಿಸುವ ಯಾವ ಬರಹವೂ ಇರಲಿಲ್ಲ" ಎನ್ನುವಲ್ಲಿಗೆ ಬಂದಾಗ ನಾನು ಎದ್ದು ನಿಂತಿದ್ದೆ.

"ಇತ್ತು" ಎಂದೆ.

"ಏನು ಇತ್ತು?"

"ಬರಹ. ನನ್ನ ಹಕ್ಕಿ ಹೊಟ್ಟೆ ಕೆಳಗಿದೆ."

ಅವಳು ಪೆನ್ನು ಕೆಳಗಿಟ್ಟಳು. "ಇದು ಇಲಿ ಥರಾನಾ, ನಿಜಾನಾ?"

ಓಡಿದೆ. ಇಪ್ಪತ್ತು ನಿಮಿಷದ ಏರು ದಾರಿ ಎಂಟು ನಿಮಿಷದಲ್ಲಿ. ನೀಲಿ ಹೆಣ್ಣು ಕೈ ಕುಕ್ಕಿತು, ಚೀಟಿ ಎಳೆದುಕೊಂಡೆ. ಹಿಕ್ಕೆ ಬಿದ್ದು ಒಂದು ಮೂಲೆ ಗಾರೆ ಮೆತ್ತಿದ ಹಾಗಾಗಿತ್ತು. ಮಾವನ ಅಕ್ಷರ ಮಾತ್ರ ಒಂದೂ ಅಳಿಸಿರಲಿಲ್ಲ.

ಮಿಸ್ ಪಿಲ್ಲಿಂಗ್ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಓದಿದಳು. "ಸಹಿ ಇಲ್ಲ. ಸಾಕ್ಷಿಗಳಿಲ್ಲ. ಇದು ಉಯಿಲೇ ಅಲ್ಲ ಮಿಸ್ಟರ್ ಶಾರ್ಪಲ್ಸ್! ಕಾನೂನಲ್ಲಿ ಇದಕ್ಕೆ ಕಾಸಿನ ಬೆಲೆ ಇಲ್ಲ. ಮೊದಲನೇ ದಿನವೇ ತಂದಿದ್ರೆ ನಾಲ್ಕು ಸಾಲಲ್ಲಿ ಮುಗೀತಿತ್ತು."

"ಹಂಗಾದ್ರೆ ಹಕ್ಕಿ ನಂದೇನಾ?"

"ನಿಮ್ಮಕ್ಕ ಕೊಟ್ರೆ ನಿಮ್ಮದೇ. ಆದ್ರೆ ಚೀಟಿ ಮುಚ್ಚಿಡೋ ಹಾಗಿಲ್ಲ. ಅಫಿಡವಿಟ್‌ಗೆ ಲಗತ್ತಿಸ್ತೀನಿ." ಹೊಸದಾಗಿ ಟೈಪು ಮಾಡಿ ಕೊಟ್ಟಳು. "ನಾಲ್ಕೂವರೆ ಆಯ್ತು. ಎದುರುಗಡೆ ಓಡಿ."

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಎದುರುಗಡೆಯ ವಕೀಲ ಹಾರಕ್ಸ್ ಅನ್ನುವವನೇ ನಮ್ಮ ಪಾರಿವಾಳದ ಕ್ಲಬ್ಬಿನ ಕಾರ್ಯದರ್ಶಿ. ಮಾವ ನೀಲಿ ಹೆಣ್ಣನ್ನು ಬರೆದದ್ದು ಅವನ ಹೆಸರಿಗೆ. ನಾನು ಹೇಳದೆ ಇದ್ದದ್ದಕ್ಕೆ ಕಾರಣವಿದೆ. ಆಣೆ ಮಾಡಿಸುವ ವಕೀಲ ಕಾಗದ ಓದುವುದಿಲ್ಲ, ಅದು ಅವರ ಪದ್ಧತಿ. ಸಹಿ ನಿನ್ನದೇನಾ, ಒಳಗಿರುವುದು ನಿಜವೇನಾ ಎಂದು ಕೇಳಿ ದುಡ್ಡು ತೆಗೆದುಕೊಳ್ಳುತ್ತಾನೆ. ಮೂರು ನಿಮಿಷದ ಕೆಲಸ. ನಾನು ನಿಜ ಹೇಳಿದ ಹಾಗೂ ಆಯಿತು, ಹಕ್ಕಿ ಉಳಿದ ಹಾಗೂ ಆಯಿತು.

ಹಾರಕ್ಸ್ ಮುದುಕ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ. "ಏನಪ್ಪಾ ಬುರುಡೆ ದಾಸ! ನೀನು ಆಣೆ ಮಾಡೋದಾ? ಬೈಬಲ್‌ಗೆ ಕೈಗವಸು ಹಾಕಬೇಕು ತಡಿ."

"ಬೇಗ ಮಾಡ್ಸಣ್ಣಾ. ಐದರ ಅಂಚೆ ಇದೆ."

ಅವನು ಅಫಿಡವಿಟ್ಟಿನ ಕೊನೆಯ ಪುಟವನ್ನಷ್ಟೇ ತಿರುಗಿಸಿದ. ಓದಲಿಲ್ಲ. ಹೋದ ಜೀವ ಬಂದ ಹಾಗಾಯಿತು. "ಲಗತ್ತು ಎಲ್ಲಿ?" ಎಂದ.

"ಅದ್ಯಾಕಣ್ಣಾ?"

"ಅದರ ಮೇಲೆ 'ಇದೇ ಆ ಕಾಗದ' ಅಂತ ಬರೆದು ನಾನು ಸಹಿ ಹಾಕಬೇಕು ಕಣೋ. ಎರಡು ಪೌಂಡು ಪುಕ್ಕಟೆ ತಗೊಳ್ತಾರಾ?"

ಕೊಡದೆ ಗತಿಯಿರಲಿಲ್ಲ. ಹಾರಕ್ಸ್ ಕನ್ನಡಕ ಕೆಳಗಿಳಿಸಿದ. ಹಿಕ್ಕೆಯನ್ನು ನೋಡಿದ. ಅಕ್ಷರವನ್ನು ನೋಡಿದ. ಅವನ ತುಟಿ ಅಲ್ಲಾಡುವುದು ಕಂಡಿತು. ಎರಡು ಸಲ ಓದಿದ. ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಆಮೋಸ್ ನಿನ್ನನ್ನ ಚೆನ್ನಾಗಿ ಬಲ್ಲವನು" ಎಂದ ಕೊನೆಗೆ. ಪೆನ್ನಿನ ಮುಚ್ಚಳ ಹಾಕಿದ. "ನಾನು ಈ ಆಣೆ ಮಾಡಿಸೋ ಹಾಗಿಲ್ಲ."

"ಯಾಕೆ?"

"ಸಂಬಂಧ ಇಲ್ಲದೋನು ಮಾಡಿಸಬೇಕು. ಇದರಲ್ಲಿ ನನಗೇ ಹಕ್ಕಿ ಬರೆದಿದೆ. ಕಾನೂನು ಕೊಡ್ಸಲ್ಲ, ಸರಿ. ಆದ್ರೆ ಇದನ್ನ ಓದಿದ ಮೇಲೆ ಆ ಹಕ್ಕಿ ಮೇಲೆ ನನಗೆ ಆಸೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲೋ? ಹದಿನೈದು ವರ್ಷ ಅದರ ಕುಲವನ್ನ ಕೇಳ್ದೆ, ಒಂದು ಮೊಟ್ಟೆ ಕೊಡಲಿಲ್ಲ ಆ ಜಿಪುಣ. ನೀನು ಬರ್ನ್‌ಲಿಗೆ ಹೋಗು. ಅಲ್ಲಿ ಬೇಕಾದಷ್ಟು ವಕೀಲರಿದಾರೆ."

ಗಡಿಯಾರ ನೋಡಿದೆ. ನಾಲ್ಕೂಮುಕ್ಕಾಲಿಗೆ ಐದು ನಿಮಿಷವಿತ್ತು. ಬರ್ನ್‌ಲಿ ಬಸ್ಸು ಐದೂಕಾಲಿಗೆ. ಶನಿವಾರ, ಭಾನುವಾರ, ಸೋಮವಾರ ರಜೆ. ಆ ಕಡೆ ರಾಚ್‌ಡೇಲಿನವರು ದುಡ್ಡು ಎಣಿಸುತ್ತಿದ್ದಾರೆ. ಕಣ್ಣ ಮುಂದೆ ಏಳನೆಯ ಮೆಟ್ಟಿಲು.

"ಅಣ್ಣಾ" ಎಂದೆ, "ಹಕ್ಕಿ ಈಗಲೇ ನಿನ್ನ ಕೈಗೆ ಬಂದ್ರೆ?"

ಹಾರಕ್ಸ್ ಪೆನ್ನು ತಿರುಗಿಸಿದ. "ಬಂದ್ರೆ... ಆಗ ಈ ಚೀಟಿಯಿಂದ ನನಗೆ ಬರಬೇಕಾದ್ದು ಏನೂ ಉಳಿಯಲ್ಲ. ಆಸೆ ತೀರಿದೋನಿಗೆ ಸಂಬಂಧ ಎಲ್ಲಿದು?" ಪೆನ್ನಿನ ಮುಚ್ಚಳ ತೆಗೆಯುತ್ತಾ, "ನಾನು ಕೇಳಿಲ್ಲ ಕಣೋ ಮತ್ತೆ. ನೀನಾಗಿ ಹೇಳಿದ್ದು" ಎಂದ.

ಈ ಸಲ ಎಂಟು ನಿಮಿಷವಲ್ಲ. ನಾನು ಎಷ್ಟು ಜೋರಾಗಿ ಓಡಿದೆನೆಂದರೆ ಹೋಗುವಾಗ ನನಗೆ ನಾನೇ ಎದುರಿಗೆ ಬರುತ್ತಿರುವುದು ಕಂಡಿತು. ಕೈಯಲ್ಲಿ ಬುಟ್ಟಿ, ಮುಖ ಕೆಂಪು. ನಗಬೇಡಿ. ಬುಟ್ಟಿಯನ್ನು ಹಾರಕ್ಸನ ಮೇಜಿನ ಮೇಲೆ ಇಟ್ಟಾಗ ಐದಕ್ಕೆ ಆರು ನಿಮಿಷವಿತ್ತು. ಅವನು ಮುಚ್ಚಳ ತೆಗೆದು ಹಕ್ಕಿಯನ್ನು ಕೈಗೆ ತೆಗೆದುಕೊಂಡ. ರೆಕ್ಕೆ ಬಿಡಿಸಿ ನೋಡಿದ. ನಾನು ಗೋಡೆಯ ಕಡೆ ತಿರುಗಿದೆ.

"ಬಲಗೈಲಿ ಬೈಬಲ್ ಹಿಡಿ" ಎಂದ. "ಇದು ನಿನ್ನ ಹೆಸರು, ನಿನ್ನ ಸಹಿ?"

"ಹೌದಣ್ಣ, ನನ್ನ ಅಜ್ಜ ಈ ಹೆಸರಿಟ್ಟದ್ದು ಹೇಗಂದ್ರೆ, ಆ ವರ್ಷ..."

"ಹೌದು ಅಂದ್ರೆ ಸಾಕು. ಇದರಲ್ಲಿರೋದೆಲ್ಲ ಸತ್ಯ ಅಂತ ದೇವರ ಮೇಲೆ ಆಣೆ ಮಾಡ್ತೀಯಾ?"

ನಾಲಿಗೆಯ ತುದಿಯಲ್ಲಿ ಹತ್ತು ಮಾತು ಬಂದು ನೂಕಾಡುತ್ತಿದ್ದವು. ಬಾಯಿ ಬಿಟ್ಟೆ. "ಮಾಡ್ತೀನಿ" ಎಂದೆ. ಅಷ್ಟೇ. ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ಮಾತು ಅದು. ಎರಡು ದಿನ ಗಂಟಲು ನೋಯುತ್ತಿತ್ತು.

ಹಾರಕ್ಸ್ ಹಿಕ್ಕೆಯಿಲ್ಲದ ಜಾಗ ಹುಡುಕಿ ಸಹಿ ಹಾಕಿದ. ಏಳು ಪೌಂಡು ಎಣಿಸಿಕೊಂಡ, ಒಂದು ಪೆನ್ನಿಯೂ ಬಿಡಲಿಲ್ಲ. ಮಿಸ್ ಪಿಲ್ಲಿಂಗ್ ಬೀದಿಯ ನಡುವೆ ಲಕೋಟೆ ಬಾಯಿ ತೆರೆದು ಹಿಡಿದು ನಿಂತಿದ್ದಳು. ಅಂಚೆಯವನು ಚೀಲ ಕಟ್ಟುತ್ತಿದ್ದ.

ಆಮೇಲಿನ ಮೂರು ವಾರ ನಾನು ನಿದ್ದೆಯಲ್ಲೂ ನಡೆದೆ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಎದುರಿಗೆ ಹೋಗಿ ಚೀಲದೊಳಗೆ ಇಣುಕುತ್ತಿದ್ದೆ. ಜೂನ್ ಹದಿನೇಳಕ್ಕೆ ಮುದ್ರೆ ಒತ್ತಿದ ಕಾಗದ ಬಂತು. ಇಪ್ಪತ್ತೊಂಬತ್ತಕ್ಕೆ ಮಾವನ ಮನೆ ಮಾರಿ ಮುದುಕಿಯ ಮನೆ ಕೊಂಡಾಯಿತು, ಇನ್ನು ಒಂದು ದಿನ ಉಳಿದಿತ್ತು. ಮೊದಲ ಸಂಜೆ ಅಕ್ಕ ಅಡಿಗೆಮನೆಯಿಂದ ಮಲಗುವ ಕೋಣೆಗೆ ಹೋದಳು, ಬಂದಳು, ಮತ್ತೆ ಹೋದಳು. "ಎಷ್ಟು ಬೇಗ ಬಂದ್ಬಿಡತ್ತೋ!" ಎಂದಳು.

ಮಿಸ್ ಪಿಲ್ಲಿಂಗ್ ಕಳಿಸಿದ ಬಿಲ್ಲನ್ನು ಅಕ್ಕನೇ ಗಟ್ಟಿಯಾಗಿ ಓದಿದಳು. ಗುತ್ತಿಗೆ ನಾನೂರ ಐವತ್ತು. ಅಫಿಡವಿಟ್ಟಿನ ಕೆಲಸ, ಎರಡು ಸಲ, ನೂರ ನಲವತ್ತು. "ಇಲಿ ಮತ್ತು ವಾದ್ಯದ ತಂಡದ ವಿಷಯ ಆಲಿಸಿದ್ದು, ಇಪ್ಪತ್ತೆಂಟು. ಇದೇನೋ ಇದು, ಇಲಿ?" ಎಂದಳು. ಕಾಫಿ ತರುತ್ತೇನೆಂದು ಎದ್ದೆ.

ಹಾರಕ್ಸ್ ಆ ಹಕ್ಕಿಯನ್ನು ಹಾರಿಸಲೇ ಇಲ್ಲ. ಹಾರಿಸಿದರೆ ಅದು ಮಾವನ ಹಳೇ ಗೂಡಿಗೇ ಹೋಗುತ್ತದೆ. ಮರಿ ಮಾಡಿಸಿದ. ಮರುವರ್ಷ ಒಂದು ಮರಿಯನ್ನು ಅಂಗಿಯ ಜೇಬಿನಲ್ಲಿ ತಂದು ನನ್ನ ಕೈಗೆ ಕೊಟ್ಟ. "ಇದರ ಬಗ್ಗೆ ಏನು ಬೇಕಾದ್ರೂ ಹೇಳ್ಕೋ. ಇದಿನ್ನೂ ಏನೂ ಗೆದ್ದಿಲ್ಲ" ಎಂದ. ಈಗ ನನ್ನ ಕಾಲ ಬಳಿಯ ಈ ಬುಟ್ಟಿಯಲ್ಲಿರುವುದು ಅದರ ಮೊಮ್ಮಗಳ ಮೊಮ್ಮಗಳು. ನೀವು ಒಳಗೆ ಬಂದಾಗಿನಿಂದ ಅದರ ಕಡೆಯೇ ಕಣ್ಣು ಹಾಯಿಸುತ್ತಿದ್ದೀರಿ, ನಾನು ನೋಡಿಲ್ಲವೆಂದುಕೊಂಡಿರಾ? ಬಿಯರ್ ಕೊಡಿಸಿದ್ದೂ ಅದಕ್ಕೇ. ಇರಲಿ, ಹಕ್ಕಿ ಯಾರಿಗೆ ಹೋಗಬೇಕೆಂದು ನಾನೂ ಬರೆದಿಟ್ಟಿದ್ದೇನೆ. ನೋಡಿ, ಇದೇ. ಇಬ್ಬರು ಸಾಕ್ಷಿ ಬೇಕು. ಒಬ್ಬರು ಪಬ್ಬಿನ ಯಜಮಾನರು, ಅಗೋ ಕೈ ಒರೆಸಿಕೊಂಡು ಬರುತ್ತಿದ್ದಾರೆ. ಇನ್ನೊಬ್ಬರು ನೀವು. ಸಾಕ್ಷಿ ಹಾಕಿದವರಿಗೆ ಆ ಉಯಿಲಿನಿಂದ ಒಂದು ಪುಕ್ಕವೂ ದಕ್ಕಬಾರದೆಂದು ಕಾನೂನಿದೆ, ಆದರೆ ನಿಮಗೆ ಅಂಥ ಆಸೆಯೇನೂ ಇಲ್ಲವಲ್ಲ? ಹಾಗಾದರೆ ಪೆನ್ನು ತೆಗೆಯಿರಿ, ಇಲ್ಲಿ, ಈ ಗೆರೆಯ ಮೇಲೆ ಒಂದು ಸಹಿ ಹಾಕಿ.